‘ಬೇಡ’ಕ್ಕೆ ಕಾಲಂ ಇಲ್ಲ

ಚಿಲಿ ದೇಶದ ಉತ್ತರದಲ್ಲಿ, ಸಮುದ್ರಮಟ್ಟದಿಂದ 2,300 ಮೀಟರ್ ಎತ್ತರದಲ್ಲಿ, ಅಟಕಾಮ ಎಂಬ ಉಪ್ಪಿನ ಬಯಲು ಸುಮಾರು 3,000 ಚದರ ಕಿಲೋಮೀಟರ್ ಹರಡಿಕೊಂಡಿದೆ. ಮೇಲೆ ಗಟ್ಟಿ ಉಪ್ಪಿನ ಹಕ್ಕಳೆ. ಅದರಡಿಯಲ್ಲಿ, ಸಮುದ್ರದ ನೀರೇ ಸಪ್ಪೆ ಅನ್ನಿಸುವಷ್ಟು ಉಪ್ಪಾದ ನೀರು. ಆ ನೀರಿನಲ್ಲಿ ಲಿಥಿಯಂ ಕರಗಿದೆ. ನನ್ನ ಗೊಂದಲ ಶುರುವಾಗುವುದು ಇಲ್ಲಿಂದಲೇ. ಚಿಲಿಯ ಕಾನೂನಿನ ಕಣ್ಣಿಗೆ ಈ ಉಪ್ಪುನೀರು ನೀರಲ್ಲ, ಖನಿಜ. ನೀರಿನ ಹಕ್ಕು ಹಂಚುವ ಇಲಾಖೆಯ ಲೆಕ್ಕಕ್ಕೆ ಅದು ಬರುವುದಿಲ್ಲ, ಗಣಿಯ ಲೆಕ್ಕಕ್ಕೆ ಹೋಗುತ್ತದೆ. ಹೀಗಾಗಿ ಸೆಕೆಂಡಿಗೆ ಸಾವಿರ ಲೀಟರಿಗೂ ಹೆಚ್ಚು ಎತ್ತಿ ಬಿಸಿಲಿಗೆ ಹರವುವ ಕಂಪನಿಯೂ ‘ನಾವು ಬಳಸುವ ನೀರು ಇಷ್ಟೇ’ ಎಂದು ಪುಟ್ಟದೊಂದು ಅಂಕಿಯನ್ನು ಪ್ರಾಮಾಣಿಕವಾಗಿಯೇ ತೋರಿಸಬಲ್ಲದು. ಸುಳ್ಳು ಹೇಳದೆಯೇ ಸತ್ಯದಿಂದ ತಪ್ಪಿಸಿಕೊಳ್ಳುವ ಈ ಜಾಣತನ ಯಾರದ್ದು? ಕಂಪನಿಯದ್ದೋ, ಕಾನೂನು ಬರೆದವರದ್ದೋ?

*

ಲಿಥಿಯಂ ತೆಗೆಯುವ ಕ್ರಮ ಓದುತ್ತಾ ಹೋದರೆ ಅದರ ಸರಳತೆಗೆ ಬೆರಗಾಗುತ್ತದೆ. ಸುರಂಗವಿಲ್ಲ, ಸಿಡಿಮದ್ದಿಲ್ಲ. ಕೊಳವೆ ಇಳಿಸಿ ಉಪ್ಪುನೀರನ್ನು ಮೇಲೆತ್ತುತ್ತಾರೆ, ಫುಟ್‌ಬಾಲ್ ಮೈದಾನಗಳನ್ನು ಸಾಲಾಗಿ ಜೋಡಿಸಿದಷ್ಟು ದೊಡ್ಡ ಆಳವಿಲ್ಲದ ಕೊಳಗಳಲ್ಲಿ ನಿಲ್ಲಿಸುತ್ತಾರೆ. ಉಳಿದ ಕೆಲಸ ಬಿಸಿಲಿನದ್ದು, ಗಾಳಿಯದ್ದು. ಮೊದಲು ಅಡುಗೆ ಉಪ್ಪು ತಳಕ್ಕೆ ಕೂರುತ್ತದೆ, ಆಮೇಲೆ ಪೊಟ್ಯಾಸಿಯಂ, ಮೆಗ್ನೀಸಿಯಂ ಉಪ್ಪುಗಳು. ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಸಾಗಿದಂತೆ ಅದರ ಬಣ್ಣ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ. ವರ್ಷ, ವರ್ಷದ ಮೇಲೆ ಕೆಲವು ತಿಂಗಳು. ಕೊನೆಗೆ ಉಳಿದ ಎಣ್ಣೆಯಂಥ ಹಳದಿ ದ್ರವವನ್ನು ಟ್ಯಾಂಕರಿಗೆ ತುಂಬಿ ಕರಾವಳಿ ಬಳಿಯ ಕಾರ್ಖಾನೆಗೆ ಒಯ್ದರೆ, ಅಲ್ಲಿ ಮೈದಾಹಿಟ್ಟಿನ ಬಣ್ಣದ ಲಿಥಿಯಂ ಕಾರ್ಬೋನೇಟ್ ಆಗಿ ಹೊರಬರುತ್ತದೆ.

ಸೂರ್ಯಶಕ್ತಿಯನ್ನು ಕೂಡಿಡಲು ಬೇಕಾದ ವಸ್ತುವನ್ನು ಸೂರ್ಯನೇ ತೆಗೆದುಕೊಡುತ್ತಾನೆ. ಓದಲು ಎಷ್ಟು ಚೆನ್ನಾಗಿದೆ! ಆದರೆ ಕೊಳಕ್ಕೆ ಬಂದ ನೀರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಆಕಾಶಕ್ಕೆ ಹೋಯಿತಲ್ಲ, ಅದು? ಜಗತ್ತಿನ ಅತ್ಯಂತ ಒಣ ಮರುಭೂಮಿಗಳಲ್ಲೊಂದರಲ್ಲಿ ನೀರನ್ನು ಆವಿ ಮಾಡುವುದೇ ಒಂದು ಉದ್ಯೋಗವಾಗಿದೆ. ಕಾಗದದ ಪ್ರಕಾರ ಅದು ನೀರೂ ಅಲ್ಲ.

*

ಬಯಲಿನ ಅಂಚಿನಲ್ಲಿ ಲಿಕಾನಂತಾಯ್ ಜನರ ಊರುಗಳಿವೆ. ಸ್ಪ್ಯಾನಿಷ್ ಕಾಗದಪತ್ರಗಳಲ್ಲಿ ಅವರ ಹೆಸರು ಅಟಕಾಮೆನ್ಯೊ. ಪೇನೆ, ಸೊಕಾಯ್ರೆ, ತೊಕೊನಾವೊ, ಕಾಮಾರ್, ಹೀಗೆ ಹದಿನೆಂಟು ಸಮುದಾಯಗಳು ಸೇರಿ ಒಂದು ಪರಿಷತ್ತು ಮಾಡಿಕೊಂಡಿವೆ. ಕಂದರದಲ್ಲಿ ಹಣ್ಣಿನ ತೋಟ, ಒಂದಿಷ್ಟು ಜೋಳ, ಲಾಮಾ, ಕುರಿ. ಬೆಟ್ಟದ ಹಿಮ ಕರಗಿ ನೆಲದೊಳಗೆ ಇಳಿದ ಸಿಹಿನೀರು ಬಯಲಿನ ಅಂಚಿನಲ್ಲಿ ಭಾರದ ಉಪ್ಪುನೀರನ್ನು ಎದುರುಗೊಂಡು ಅಲ್ಲಿಯೇ ಮೇಲೇಳುತ್ತದೆ. ಊರು, ಹುಲ್ಲು, ಮಡು, ಫ್ಲೆಮಿಂಗೊ ಹಕ್ಕಿ ಎಲ್ಲವೂ ಆ ಅಂಚನ್ನೇ ನಂಬಿವೆ. ‘ನಡುವಿನ ಉಪ್ಪುನೀರು ಕೆಳಗಿಳಿದರೆ ಅಂಚಿನ ಸಿಹಿನೀರು ಅಲ್ಲೇ ನಿಲ್ಲುವುದಿಲ್ಲ’ ಎಂಬುದು ಊರಿನವರ ವಾದ. ‘ನಡುವಿಗೂ ಅಂಚಿಗೂ ಸಂಬಂಧ ತೀರಾ ತೆಳು’ ಎಂಬುದು ಕಂಪನಿಗಳ ವಾದ.

ವಿಜ್ಞಾನಿಗಳೂ ಒಂದೇ ಮಾತು ಆಡುತ್ತಿಲ್ಲ. ಬರಗಾಲದ ಪಾಲೆಷ್ಟು, ಮೇಲಿನ ತಾಮ್ರದ ಗಣಿಗಳು ದಶಕಗಳಿಂದ ಎತ್ತಿದ ಸಿಹಿನೀರಿನ ಪಾಲೆಷ್ಟು, ಲಿಥಿಯಂ ಕೊಳಗಳ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. 2022ರಲ್ಲಿ ಚಿಲಿ ಸರ್ಕಾರದ ಪರ ವಕೀಲರ ಮಂಡಳಿಯೇ ಅಲ್ಲಿನ ಒಂದು ಅಂತರ್ಜಲ ಮೂಲ ಹಾಳಾಯಿತೆಂದು ಎರಡು ತಾಮ್ರದ ಕಂಪನಿ, ಒಂದು ಲಿಥಿಯಂ ಕಂಪನಿಯ ಮೇಲೆ ಒಟ್ಟಿಗೇ ದಾವೆ ಹಾಕಿತು. ಮೂವರೂ ಹಸಿರು ಶಕ್ತಿಗೆ ಬೇಕಾದವರೇ. ತಾಮ್ರವಿಲ್ಲದೆ ತಂತಿ ಎಲ್ಲಿ?

ಆದರೂ ಕೆಲವು ಸಂಗತಿಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. 2016ರಲ್ಲಿ ಪರಿಸರ ನಿಗಾ ಇಲಾಖೆ, ಅಲ್ಲಿ ಲಿಥಿಯಂ ತೆಗೆಯುವ ಎಸ್‌ಕ್ಯುಎಂ ಎಂಬ ಕಂಪನಿಯ ಮೇಲೆ, ಅನುಮತಿಗಿಂತ ಹೆಚ್ಚು ಉಪ್ಪುನೀರು ಎತ್ತಿದ ಆರೋಪವೂ ಸೇರಿದಂತೆ ಹಲವು ಆರೋಪ ಹೊರಿಸಿತು. ಕಂಪನಿಯ ಬಾವಿಯ ಸುತ್ತಣ ಅಲ್ಗರೊಬೊ ಮರಗಳು ಒಣಗುತ್ತಿದ್ದವು. ಅದು ಮರುಭೂಮಿಯಲ್ಲಿ ಬೇರನ್ನು ಆಳಕ್ಕಿಳಿಸಿ ಬದುಕುವ ಗಟ್ಟಿ ಜಾತಿಯ ಮರ. ಕಂಪನಿ ಕೊಟ್ಟ ‘ಸರಿಪಡಿಸುವ ಯೋಜನೆ’ ಸಾಲದೆಂದು 2019ರ ಡಿಸೆಂಬರಿನಲ್ಲಿ ಅಂತೊಫಗಾಸ್ತಾದ ಪರಿಸರ ನ್ಯಾಯಮಂಡಳಿ ಊರಿನವರ ದೂರನ್ನು ಎತ್ತಿಹಿಡಿಯಿತು. 2024ರಲ್ಲಿ ಉಪಗ್ರಹ ಚಿತ್ರ ಆಧರಿಸಿದ ಅಧ್ಯಯನವೊಂದು, ಉಪ್ಪುನೀರು ಎತ್ತುವ ಭಾಗದಲ್ಲಿ ನೆಲವೇ ವರ್ಷಕ್ಕೆ ಒಂದರಿಂದ ಎರಡು ಸೆಂಟಿಮೀಟರ್ ಕುಸಿಯುತ್ತಿದೆ ಎಂದಿತು. ಕಾಗದದ ಪ್ರಕಾರ ಖನಿಜ ತೆಗೆದಿದ್ದಾರೆ, ನೆಲ ಕುಸಿದಿದೆ. ಗಣಿಯೆಂದರೆ ಅಷ್ಟೇ ತಾನೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ನನಗೆ ಅನ್ನಿಸುವುದಿಷ್ಟು: ನೀರು ಹೋಗಲಿಲ್ಲ ಎಂದು ಸಾಧಿಸುವ ಹೊಣೆ ಪಂಪ್ ಇಳಿಸಿದವರ ಮೇಲಿರಬೇಕಿತ್ತು. ಈಗ ನೀರು ಹೋಯಿತು ಎಂದು ಸಾಧಿಸುವ ಹೊಣೆ ಕುರಿ ಕಾಯುವವರ ಮೇಲಿದೆ.

*

ಈ ಊರುಗಳಲ್ಲಿ ವರ್ಷಕ್ಕೊಮ್ಮೆ ಕಾಲುವೆ ಹೂಳು ತೆಗೆಯುವ ಹಬ್ಬವಿದೆ. ಎಲ್ಲರೂ ಸನಿಕೆ ಹಿಡಿದು ಕಾಲುವೆಗಿಳಿಯುತ್ತಾರೆ, ಮೇಸ್ತ್ರಿಗಳಾಗಿ ನಿಂತವರು ಕೆಲಸ ಮಾಡಿಸುತ್ತಾರೆ, ಕೋಕಾ ಎಲೆ ಮತ್ತು ಮದ್ಯವನ್ನು ನೆಲಕ್ಕೆ ಅರ್ಪಿಸುತ್ತಾರೆ, ಆಮೇಲೆ ನೀರಿಗಾಗಿ ‘ತಲಾತುರ್’ ಹಾಡುತ್ತಾರೆ. ಹಾಡಿನ ಭಾಷೆ ಕುಂಜಾ. ಮನೆಮಾತಾಗಿ ಆ ಭಾಷೆ ಉಳಿದಿಲ್ಲ. ನೀರಿನ ಹಾಡಿನಲ್ಲಿ ಉಳಿದಿದೆ.

ಇದನ್ನು ಓದುವಾಗ ಕೋಲಾರದ ಕಡೆಯ ನೀರುಗಂಟಿಗಳು ನೆನಪಾದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಎಷ್ಟು ಎತ್ತಬೇಕು, ಕೆರೆ ತುಂಬದ ವರ್ಷ ಯಾರಿಗೆ ಕಡಿತ, ಎಲ್ಲವೂ ಅವರ ತಲೆಯಲ್ಲಿತ್ತು. ಬೋರ್‌ವೆಲ್ ಬಂದ ಮೇಲೆ ಆ ತಲೆಗೆ ಕೆಲಸವಿಲ್ಲದಂತಾಯಿತು. ನೀರುಗಂಟಿಯ ತಿಳಿವಳಿಕೆಯನ್ನು ನಾವು ಯಾವ ದಾಖಲೆಯಲ್ಲಿ ‘ನಷ್ಟ’ ಎಂದು ಬರೆದೆವು? ಪರಿಸರ ಪರಿಣಾಮದ ವರದಿಗಳಲ್ಲಿ ಮರದ ಲೆಕ್ಕವಿರುತ್ತದೆ, ಹಕ್ಕಿಯ ಲೆಕ್ಕವಿರುತ್ತದೆ. ಕಾಲುವೆಗೆ ಹಾಡುವವರ ಲೆಕ್ಕವನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಾರೋ!

*

ಇನ್ನೊಂದು ಗಂಟು. 2016ರಲ್ಲಿ, ಅಟಕಾಮದಲ್ಲೇ ಲಿಥಿಯಂ ತೆಗೆಯುವ ಆಲ್ಬೆಮಾರ್ಲ್ ಎಂಬ ಅಮೆರಿಕದ ಕಂಪನಿ ಹದಿನೆಂಟು ಸಮುದಾಯಗಳ ಆ ಪರಿಷತ್ತಿನ ಜೊತೆ ಒಪ್ಪಂದ ಮಾಡಿಕೊಂಡು, ಮಾರಾಟದ ಶೇಕಡಾ 3.5ರಷ್ಟು ಹಣವನ್ನು ಸಮುದಾಯಗಳಿಗೆ ಕೊಡಲು ಒಪ್ಪಿತು. ಸಣ್ಣ ಮೊತ್ತವಲ್ಲ. ಆ ಹಣದಲ್ಲಿ ಶಾಲೆ, ಆರೋಗ್ಯ, ರಸ್ತೆ ಆಗಿದೆ. ಅದೇ ಹಣದಲ್ಲಿ ಪರಿಷತ್ತು ತನ್ನದೇ ತಜ್ಞರನ್ನಿಟ್ಟುಕೊಂಡು ಅಂತರ್ಜಲವನ್ನು ಅಳೆಯುತ್ತಿದೆ. ಕಂಪನಿ ಏನು ಮಾಡುತ್ತಿದೆ ಎಂದು ಅಳೆಯುವ ಮೀಟರಿಗೆ ಕಂಪನಿಯದ್ದೇ ದುಡ್ಡು. ಇದು ಜಾಣತನವೇ, ಅಸಹಾಯಕತೆಯೇ? ಅಲ್ಲಿನವರಲ್ಲೇ ಎರಡು ಅಭಿಪ್ರಾಯವಿದೆ, ಜಗಳವೂ ಇದೆ. ಹಣ ಬಂದ ಊರಿಗೂ ಬಾರದ ಊರಿಗೂ, ಒಂದೇ ಊರಿನ ಅಣ್ಣನಿಗೂ ತಮ್ಮನಿಗೂ. ‘ಮೂಲನಿವಾಸಿಗಳ ನಿಲುವು’ ಎಂದು ಒಂದೇ ಸಾಲಿನಲ್ಲಿ ಬರೆಯುವ ಪತ್ರಕರ್ತರ ಧೈರ್ಯ ನನಗಿಲ್ಲ.

*

ನಮ್ಮ ಬೀದಿಯ ಮೂಲೆಯಲ್ಲಿ ಬ್ಯಾಟರಿ ಬದಲಿಸುವ ಕಪಾಟು ಬಂದಿದೆ. ಊಟ ತಲುಪಿಸುವ ಹುಡುಗರು ಸ್ಕೂಟರ್ ನಿಲ್ಲಿಸಿ, ಸೀಟಿನಡಿಯಿಂದ ಪೆಟ್ಟಿಗೆ ಎಳೆದು, ಖಾಲಿ ಗೂಡಿಗೆ ತಳ್ಳಿ, ಹಸಿರು ದೀಪ ಹತ್ತಿದ ಗೂಡಿನಿಂದ ಇನ್ನೊಂದನ್ನು ಎಳೆದುಕೊಳ್ಳುತ್ತಾರೆ. ಮಾತು ಮುಗಿಯುವುದರೊಳಗೆ ಕೆಲಸ ಮುಗಿದಿರುತ್ತದೆ.

“ಭಾರ ಇದೆಯೇನಪ್ಪಾ?”

“ಹತ್ತು ಕೆಜಿ ಮೇಲೇ ಇರುತ್ತೆ ಸಾರ್. ಆದ್ರೆ ಪೆಟ್ರೋಲ್ ದುಡ್ಡು ಉಳಿಯುತ್ತೆ ನೋಡಿ.”

ಇಂಥ ಸ್ಕೂಟರಿನ ಬ್ಯಾಟರಿಯಲ್ಲಿ ಲಿಥಿಯಂ ಕೆಲವು ನೂರು ಗ್ರಾಂ ಮಾತ್ರ. ಒಂದು ಕಾರಿನಲ್ಲಿ ಎಂಟು ಕಿಲೋ ಆಸುಪಾಸು. ಈ ಹುಡುಗನ ಕೆಲವು ನೂರು ಗ್ರಾಂ ಬಗ್ಗೆ ತಕರಾರು ತೆಗೆಯಲು ನನಗೆ ಬಾಯಿ ಬರಲಿಲ್ಲ. ಅವನ ಹಿಂದೆ ಹೊಗೆಯಿಲ್ಲ, ಸದ್ದಿಲ್ಲ, ಅವನ ಜೇಬಿನಲ್ಲಿ ನಾಲ್ಕು ಕಾಸು ಹೆಚ್ಚು. ಅದೇ ಬೀದಿಯಲ್ಲಿ ಎರಡು ಟನ್ ತೂಕದ ಎಲೆಕ್ಟ್ರಿಕ್ ಕಾರೊಂದು ಒಬ್ಬನೇ ಒಬ್ಬನನ್ನು ಹೊತ್ತು ಸಿಗ್ನಲ್‌ನಲ್ಲಿ ನಿಂತಿರುತ್ತದೆ. ಅದಕ್ಕೂ ಹಸಿರು ನಂಬರ್ ಪ್ಲೇಟು, ಇವನಿಗೂ ಹಸಿರು ನಂಬರ್ ಪ್ಲೇಟು.

*

ಅರ್ಜೆಂಟೀನಾದ ಹುಹುಯ್ ಮತ್ತು ಸಾಲ್ಟಾ ಪ್ರಾಂತಗಳ ನಡುವೆ, ಸುಮಾರು 3,400 ಮೀಟರ್ ಎತ್ತರದಲ್ಲಿ, ಸಲೀನಾಸ್ ಗ್ರಾಂದೇಸ್ ಎಂಬ ಇನ್ನೊಂದು ಉಪ್ಪಿನ ಬಯಲಿದೆ. ಅಲ್ಲಿಯ ಕೊಲ್ಯಾ ಮತ್ತು ಅಟಕಾಮ ಸಮುದಾಯಗಳು ತಲೆಮಾರುಗಳಿಂದ ಉಪ್ಪು ತೆಗೆಯುತ್ತಾ ಬಂದಿವೆ. ಹಿಂದೆ ಕೊಡಲಿಯಿಂದ ಇಟ್ಟಿಗೆಯಂತೆ ಕತ್ತರಿಸಿದ ಉಪ್ಪನ್ನು ಲಾಮಾ, ಕತ್ತೆಗಳ ಮೇಲೆ ಹೇರಿ ಕಣಿವೆಗಿಳಿಸಿ, ಬದಲಿಗೆ ಜೋಳ ತರುತ್ತಿದ್ದರು. ಈಗಲೂ ಉಪ್ಪಿನ ಹಕ್ಕಳೆಯಲ್ಲಿ ಉದ್ದನೆಯ ಗುಂಡಿ ತೋಡುತ್ತಾರೆ. ಕೆಳಗಿನಿಂದ ಉಪ್ಪುನೀರು ಒಸರಿ ತುಂಬುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಹರಳು ಕಟ್ಟುತ್ತದೆ. ಆಗ ಕೆರೆದು ತೆಗೆಯುತ್ತಾರೆ. ಅವರ ಲೆಕ್ಕದಲ್ಲಿ ಇದು ಬೆಳೆ. ಬಿತ್ತುವ ಕಾಲವಿದೆ, ಬೆಳೆಯುವ ಕಾಲವಿದೆ, ಕೊಯ್ಲಿದೆ. ಆಗಸ್ಟ್ ಒಂದರಂದು ನೆಲದಲ್ಲಿ ಗುಂಡಿ ತೆಗೆದು ಭೂತಾಯಿ ಪಾಚಮಾಮಳಿಗೆ ಉಣ್ಣಲು, ಕುಡಿಯಲು ಕೊಟ್ಟು ಮುಚ್ಚುತ್ತಾರೆ.

ಗಮನಿಸಿ: ಅವರು ಮಾಡುವುದೂ ಉಪ್ಪುನೀರನ್ನು ಬಿಸಿಲಿಗಿಟ್ಟು ಹರಳು ತೆಗೆಯುವ ಕೆಲಸವೇ, ಕಂಪನಿ ಮಾಡುವುದೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಗುಂಡಿಗೆ ತಾನಾಗಿ ಒಸರಿದಷ್ಟು ತೆಗೆಯುವುದಕ್ಕೂ ಹತ್ತಾರು ಮೀಟರ್ ಕೆಳಗಿನಿಂದ ಪಂಪ್ ಹಚ್ಚಿ ಎಳೆಯುವುದಕ್ಕೂ ಇರುವ ವ್ಯತ್ಯಾಸವದು. ತೆಂಗಿನ ಮರದಿಂದ ನೀರಾ ಇಳಿಸುವುದೂ ಮರ ಕಡಿದು ಸುಳಿ ತೆಗೆಯುವುದೂ ಎರಡೂ ‘ತೆಂಗಿನ ಉತ್ಪನ್ನ’ ಎಂದ ಹಾಗೆ ಇದೆ.

2010ರಲ್ಲಿ ಇಲ್ಲಿನ 33 ಸಮುದಾಯಗಳು, ತಮ್ಮನ್ನು ಕೇಳದೆ ಲಿಥಿಯಂ ಪರವಾನಗಿ ಕೊಡುತ್ತಿದ್ದಾರೆಂದು ದೇಶದ ಸುಪ್ರೀಂ ಕೋರ್ಟಿಗೆ ಹೋದವು. ಮೂಲನಿವಾಸಿಗಳ ಹಕ್ಕಿನ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 169ನೇ ಒಡಂಬಡಿಕೆಗೆ ಅರ್ಜೆಂಟೀನಾ 2000ದಲ್ಲೇ ಒಪ್ಪಿಗೆ ಕೊಟ್ಟಿತ್ತು. ಸಂವಿಧಾನದಲ್ಲೂ ಹಕ್ಕು ಬರೆದಿತ್ತು. ಕೋರ್ಟಿನಲ್ಲಿ ಕೆಲಸವಾಗಲಿಲ್ಲ. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ನಮ್ಮನ್ನು ಹೇಗೆ ಕೇಳಬೇಕು ಎಂಬುದನ್ನು ನೀವು ಹೇಳಬೇಡಿ, ನಾವೇ ಬರೆದುಕೊಡುತ್ತೇವೆ ಎಂದು 2015ರಲ್ಲಿ ‘ಕಾಚಿ ಯೂಪಿ’ ಎಂಬ ಕೈಪಿಡಿ ರೂಪಿಸಿದರು. ಉಪ್ಪಿನ ಹೆಜ್ಜೆಗುರುತು ಎಂದರ್ಥ. ಯಾರ ಜೊತೆ ಮಾತಾಡಬೇಕು, ಮಾಹಿತಿಯನ್ನು ಯಾವ ರೀತಿ ಕೊಡಬೇಕು, ಸಭೆ ಸೇರಿ ಯೋಚಿಸಲು ಎಷ್ಟು ವ್ಯವಧಾನ ಕೊಡಬೇಕು, ಎಲ್ಲವೂ ಅದರಲ್ಲಿದೆ. ಉಪ್ಪಿನ ಬೆಳೆಗೆ ಕಾಲವಿರುವಂತೆ ನಿರ್ಧಾರಕ್ಕೂ ಕಾಲವಿದೆ ಎಂಬ ಧಾಟಿ. ಮುಖ್ಯವಾಗಿ, ಕೊನೆಯಲ್ಲಿ ‘ಬೇಡ’ ಅನ್ನುವ ಅಧಿಕಾರ ಅವರದ್ದೇ.

ಕೈಪಿಡಿ ತಯಾರಾಯಿತು. ಅದರಂತೆ ಕೇಳುವವರು ಬರಲಿಲ್ಲ. 2019ರ ಫೆಬ್ರವರಿಯಲ್ಲಿ ಕಂಪನಿಯ ಕೊರೆಯುವ ಯಂತ್ರ ಬಂದಾಗ ಜನ ಹೆದ್ದಾರಿಯಲ್ಲಿ ಕೂತರು. ಯಂತ್ರ ಹಿಂದೆ ಹೋಯಿತು. ರಸ್ತೆ ಬದಿಯ ಫಲಕಗಳಲ್ಲಿ ‘ನೀರು ಬೇಕು, ಲಿಥಿಯಂ ಬೇಡ’ ಎಂಬ ಅರ್ಥದ ಬರಹ ಇಂದಿಗೂ ಇದೆ. ಪ್ರವಾಸಿಗರು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಲಿಥಿಯಂ ಬ್ಯಾಟರಿಯ ಫೋನಿನಲ್ಲಿ.

*

ರಸ್ತೆ ತಡೆಯೇ ಅವರ ಬಳಿ ಉಳಿದ ‘ಬೇಡ’ ಆಗಿತ್ತು. 2023ರ ಜೂನಿನಲ್ಲಿ ಹುಹುಯ್ ಪ್ರಾಂತದ ಸಂವಿಧಾನವನ್ನು ಒಂದು ತಿಂಗಳೊಳಗೆ ತಿದ್ದಿ ಮುಗಿಸಿದರು. ರಸ್ತೆ ತಡೆಯನ್ನು ನಿಷೇಧಿಸುವ ಮಾತೂ ಅದರಲ್ಲಿ ಸೇರಿತು. ಪ್ರತಿಭಟಿಸಿದವರ ಮೇಲೆ ಪುರ್ಮಾಮಾರ್ಕಾದಲ್ಲಿ ಪೊಲೀಸರು ರಬ್ಬರ್ ಗುಂಡು ಹೊಡೆದರು, ಕಣ್ಣು ಕಳೆದುಕೊಂಡವರಿದ್ದಾರೆ. ಜಮೀನಿಗೆ ಸಂಬಂಧಿಸಿದ ಎರಡು ವಿಧಿಗಳನ್ನು ಗವರ್ನರ್ ಹಿಂದಕ್ಕೆ ಪಡೆದರು, ಉಳಿದದ್ದು ಜಾರಿಯಾಯಿತು. ಜನ ರಾಜಧಾನಿಗೆ ಹೊರಟು, ಸರಿಯಾಗಿ ಆಗಸ್ಟ್ ಒಂದಕ್ಕೆ ಬ್ಯೂನಸ್ ಐರಿಸ್ ಮುಟ್ಟಿದರು. ಸುಪ್ರೀಂ ಕೋರ್ಟಿನ ಎದುರಿನ ಚೌಕದಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದರು.

ಆ ಮೆರವಣಿಗೆಗೆ ಅವರಿಟ್ಟ ಹೆಸರು ‘ಮೂರನೆಯ ಮಲೋನ್ ದೆ ಲಾ ಪಾಸ್’, ಅಂದರೆ ಶಾಂತಿಯ ದಾಳಿ. ಮೊದಲನೆಯದು 1946ರಲ್ಲಿ. ಕೊಲ್ಯಾ ಜನ ಕಾಲ್ನಡಿಗೆಯಲ್ಲಿ, ಹೇಸರಗತ್ತೆಗಳೊಡನೆ ಸುಮಾರು 2,000 ಕಿಲೋಮೀಟರ್ ನಡೆದು, ನಮ್ಮ ಜಮೀನು ನಮಗೆ ಕೊಡಿ ಎಂದು ಅಧ್ಯಕ್ಷ ಪೆರೋನ್ ಬಳಿ ಹೋಗಿದ್ದರು. ಸ್ವಾಗತವೇನೋ ಚೆನ್ನಾಗಿಯೇ ಆಯಿತು. ಅವರನ್ನು ಉಳಿಸಿದ್ದು ಎಲ್ಲಿ ಗೊತ್ತೇ? ಯೂರೋಪಿನಿಂದ ಹಡಗಿನಲ್ಲಿ ಬಂದಿಳಿದವರಿಗಾಗಿ ಕಟ್ಟಿದ ವಲಸಿಗರ ಹೋಟೆಲಿನಲ್ಲಿ. ಎಲ್ಲರಿಗಿಂತ ಮೊದಲಿನಿಂದ ಇದ್ದವರನ್ನು ಈಗಷ್ಟೇ ಬಂದವರ ಛತ್ರದಲ್ಲಿ ಇಳಿಸಿ, ಕೆಲವು ವಾರದ ನಂತರ ಬಲವಂತವಾಗಿ ರೈಲು ಹತ್ತಿಸಿ ವಾಪಸ್ ಕಳಿಸಿದರು. ನಾನು ಕತೆ ಕಟ್ಟಿದರೂ ಇಷ್ಟು ಹೊಂದಿಸಿ ಕಟ್ಟಲಾರೆ.

*

ನ್ಯಾಯಕ್ಕಾಗಿ ಇದನ್ನೂ ಬರೆದಿಡಬೇಕು. ಅದೇ ಹುಹುಯ್‌ನಲ್ಲಿ, ಸಲೀನಾಸ್‌ನಿಂದ ಪಶ್ಚಿಮಕ್ಕೆ ಹೋದರೆ ಓಲಾರೋಸ್ ಮತ್ತು ಕೌಚಾರಿ ಬಯಲುಗಳಲ್ಲಿ ಲಿಥಿಯಂ ಉತ್ಪಾದನೆ ನಡೆಯುತ್ತಲೇ ಇದೆ. ಅಲ್ಲಿನ ಊರುಗಳಲ್ಲಿ ಒಪ್ಪಿಗೆ ಕೊಟ್ಟವರಿದ್ದಾರೆ. ಗುಳೆ ಹೋಗಿದ್ದ ಹುಡುಗರು ಗಣಿ ಕೆಲಸಕ್ಕೆಂದು ಊರಿಗೆ ಮರಳಿದ್ದಾರೆ, ಪಿಕಪ್ ಗಾಡಿ ಬಂದಿದೆ, ಅಡುಗೆ ಗುತ್ತಿಗೆ ಸಿಕ್ಕಿದೆ. ಲಾಮಾ ಕಾಯುತ್ತಾ ಇರು, ನಿನ್ನ ಸಂಸ್ಕೃತಿ ಚೆಂದ ಎಂದು ಬೆಂಗಳೂರಿನಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ‘ಬೇಕು’ ಎಂದವರಿಗೂ ಗೌರವ ಸಲ್ಲಬೇಕು. ಆದರೆ ‘ಬೇಡ’ ಎನ್ನಲು ಅವಕಾಶವಿದ್ದು ಹೇಳಿದ ‘ಬೇಕು’ ಒಂದು ಬಗೆ, ಹೇಗೂ ಬರುತ್ತಾರೆ, ಸಿಕ್ಕಷ್ಟು ಪಡೆಯೋಣ ಎಂದು ಹೇಳಿದ ‘ಬೇಕು’ ಇನ್ನೊಂದು ಬಗೆ. ಕಾಗದದ ಮೇಲೆ ಎರಡೂ ಒಂದೇ ರುಜು.

*

ಶ್ರೀಮಂತ ದೇಶಗಳಲ್ಲಾದರೂ ‘ಬೇಡ’ಕ್ಕೆ ಬೆಲೆಯಿರುತ್ತದೆ ಎಂದುಕೊಂಡಿದ್ದವರು ನಾರ್ವೆ ನೋಡಬೇಕು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಎಲೆಕ್ಟ್ರಿಕ್. ಅದೇ ದೇಶದ ಫೋಸೆನ್ ಎಂಬಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ಚಳಿಗಾಲದ ಹುಲ್ಲುಗಾವಲಿನಲ್ಲಿ 151 ಗಾಳಿಯಂತ್ರ ನಿಲ್ಲಿಸಿದರು. ಪರವಾನಗಿ ಕೊಟ್ಟದ್ದು ಸಾಮಿಗಳ ಸಾಂಸ್ಕೃತಿಕ ಹಕ್ಕಿನ ಉಲ್ಲಂಘನೆ ಎಂದು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಯಂತ್ರಗಳು ತಿರುಗುತ್ತಲೇ ಇದ್ದವು. ಐನೂರು ದಿನ ಕಳೆದ ಮೇಲೆ ಸಾಮಿ ಯುವಕರು ಸಚಿವಾಲಯದೊಳಗೆ ಬಂದು ಕೂತರು. ಕೊನೆಗೆ ಪರಿಹಾರದ ಒಪ್ಪಂದವಾಯಿತು. ಯಂತ್ರ ಅಲ್ಲೇ ಇದೆ. ಕೋರ್ಟಿನಲ್ಲಿ ಗೆದ್ದು ಹುಲ್ಲುಗಾವಲಿನಲ್ಲಿ ಸೋಲುವುದು ಅಂದರೆ ಇದು.

*

2022ರಲ್ಲಿ ಬಂದ ಒಂದು ಅಧ್ಯಯನ ಜಗತ್ತಿನಾದ್ಯಂತ ಇಂಧನ ಬದಲಾವಣೆಗೆ ಬೇಕಾದ ಖನಿಜಗಳ 5,097 ಯೋಜನೆಗಳನ್ನು ನಕ್ಷೆಯ ಮೇಲಿಟ್ಟು ನೋಡಿತು. ಅರ್ಧಕ್ಕಿಂತ ಹೆಚ್ಚು, ಶೇಕಡಾ 54ರಷ್ಟು, ಮೂಲನಿವಾಸಿಗಳ ನೆಲದಲ್ಲಿ ಅಥವಾ ಅದರ ಹತ್ತಿರದಲ್ಲಿವೆ. ಖನಿಜವೇ ಆ ಜನರನ್ನು ಹುಡುಕಿಕೊಂಡು ಹೋಗಿ ಅವಿತಿದೆಯೇ? ಹಾಗಲ್ಲ ಅನ್ನಿಸುತ್ತದೆ. ಉಳಿದ ಕಡೆಯದನ್ನು ನಾವು ಆಗಲೇ ತೆಗೆದು ಮುಗಿಸಿದ್ದೇವೆ, ಇಲ್ಲವೇ ಅದರ ಮೇಲೆ ಮನೆ ಕಟ್ಟಿಕೊಂಡು ಕೂತಿದ್ದೇವೆ.

*

ಗೆಳೆಯನೊಬ್ಬನಿದ್ದಾನೆ. ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಇಂಜಿನಿಯರಾಗಿ ನಿವೃತ್ತನಾದವನು. ಈ ಟಿಪ್ಪಣಿ ಓದಿ ಕೇಳಿದ:

“ಹಂಗಾದ್ರೆ ಕಲ್ಲಿದ್ದಲೇ ಸುಡ್ತಾ ಕೂರೋಣ ಅಂತೀಯಾ?”

“ಹಾಗಂದಿಲ್ಲ ಮಾರಾಯ.”

“ಸಿಂಗ್ರೌಲಿಗೆ ಹೋಗಿದೀಯಾ? ಹಸದೇವ್ ಕಾಡು ಯಾರದ್ದು? ಕಲ್ಲಿದ್ದಲೂ ಆದಿವಾಸಿಗಳ ಕಾಲಡಿಯಿಂದಾನೇ ಬಂದಿದ್ದು. ಆಗ ಟಿಪ್ಪಣಿ ಬರೆದಿರಲಿಲ್ಲ ನೀನು.”

ಅವನ ಮಾತು ನಿಜ. ಸಮುದ್ರ ಏರಿದರೆ, ಮಳೆ ಕೈಕೊಟ್ಟರೆ ಮೊದಲು ಸಾಯುವವರೂ ಇದೇ ಜನ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಂದು ಪ್ರಶ್ನೆಯಿದೆ: ಕಲ್ಲಿದ್ದಲಿಗೆ ಅವರನ್ನು ಕೇಳದೆ ಎಬ್ಬಿಸಿದ್ದು ತಪ್ಪು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಹಾಗಿದ್ದರೆ ಅದೇ ಕ್ರಮ ಹಸಿರು ಬಣ್ಣ ಬಳಿದ ಕೂಡಲೇ ‘ಅನಿವಾರ್ಯ’ ಆಗುವುದು ಹೇಗೆ?

*

ನಮ್ಮ ಕಡೆಯ ಗಣಿಯೊಂದರ ಸಾರ್ವಜನಿಕ ಅಹವಾಲು ಸಭೆಯಲ್ಲಿ ಹಿಂದೊಮ್ಮೆ ಕೂತಿದ್ದೆ. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಪೊಟ್ಟಣದಲ್ಲಿ ಉಪ್ಪಿಟ್ಟು–ಕೇಸರಿಬಾತು. ಮೇಜಿನ ಮೇಲೆ ಇಂಗ್ಲಿಷಿನ ದಪ್ಪ ಸಂಪುಟ, ಪಕ್ಕದಲ್ಲಿ ತೆಳ್ಳನೆಯ ಕನ್ನಡ ಸಾರಾಂಶ. ವಯಸ್ಸಾದ ಹೆಂಗಸೊಬ್ಬರು ಮೈಕ್ ಹಿಡಿದು, “ಸ್ವಾಮಿ, ನನ್ನ ಮಗನಿಗೆ ಕೆಲಸ ಬ್ಯಾಡ, ನಮಗೆ ಹೊಸ ಬೋರೂ ಬ್ಯಾಡ. ಹಳ್ಳದಾಗೆ ಈಗ ಬರೋ ನೀರು ಹಂಗೇ ಬರ್ಲಿ. ನೀವು ಬರ್ಬ್ಯಾಡಿ,” ಎಂದರು. “ದಾಖಲಿಸಿಕೊಂಡಿದ್ದೇವೆ ಅಮ್ಮಾ, ಕೂತ್ಕೊಳಿ,” ಎಂದರು ಅಧಿಕಾರಿ. ಆಮೇಲೆ ಸಭೆಯ ನಡಾವಳಿ ನೋಡಿದೆ. ಉದ್ಯೋಗ, ರಸ್ತೆ, ಧೂಳು, ಶಾಲೆ, ಕುಡಿಯುವ ನೀರು ಎಂದು ಶೀರ್ಷಿಕೆಗಳಿದ್ದವು. ಆಕೆಯ ಮಾತನ್ನು ‘ಕುಡಿಯುವ ನೀರು’ ಕೆಳಗೆ, ‘ಸೌಲಭ್ಯ ಕೋರಿದ್ದಾರೆ’ ಎಂದು ಸೇರಿಸಿದ್ದರು. ಗುಮಾಸ್ತನಿಗೆ ಆಕೆಯ ಮೇಲೆ ದ್ವೇಷವೇನಿಲ್ಲ. ಆ ಮಾತು ತುಂಬಲು ನಮೂನೆಯಲ್ಲಿ ಕಾಲಂ ಇಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ‘ಬೇಡ’ವನ್ನು ಎಣಿಸಿದ್ದೂ ಇದೆ. ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿ ವಿಷಯದಲ್ಲಿ ಡೊಂಗ್ರಿಯಾ ಕೊಂಧರ ಗ್ರಾಮಸಭೆಗಳನ್ನೇ ಕೇಳಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಆ ಮಳೆಗಾಲದಲ್ಲಿ ಹನ್ನೆರಡು ಗ್ರಾಮಸಭೆ ನಡೆದವು. ಹನ್ನೆರಡಕ್ಕೆ ಹನ್ನೆರಡೂ ಬೇಡವೆಂದವು. ಗಣಿ ನಿಂತಿತು. ಸೋಲಾರ್ ಹಲಗೆಯ ಚೌಕಟ್ಟಿಗೂ ವಿದ್ಯುತ್ ತಂತಿಗೂ ಬೇಕಾದ ಅಲ್ಯೂಮಿನಿಯಂ ಬರುವುದು ಬಾಕ್ಸೈಟಿನಿಂದಲೇ. ಆ ಬೆಟ್ಟದ ಪಾಲು ಇಲ್ಲದೆಯೂ ದೇಶದಲ್ಲಿ ಸೋಲಾರ್ ಬೆಳೆಯಿತು.

ಈಗಿನ ಸುದ್ದಿ ಬೇರೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಜ್ಞಾಪನಾ ಪತ್ರ ಹೊರಡಿಸಿ, ಪರಮಾಣು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. ಲಿಥಿಯಂ ಆ ಪಟ್ಟಿಯಲ್ಲಿದೆ. ಶಾಮಿಯಾನದ ಖರ್ಚು ಉಳಿಯಿತು. 2020ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು ಪತ್ರಿಕೆಗಳು ಕುಣಿದಾಡಿದವು, ಆಮೇಲೆ ಅದು 1,600 ಟನ್‌ಗೆ ಇಳಿಯಿತು. ಮೊದಲ ಅಂಕಿ ಉಳಿದುಕೊಂಡಿದ್ದರೆ ಈ ಜ್ಞಾಪನಾ ಪತ್ರವನ್ನು ಮಂಡ್ಯದ ಜನ ನನಗಿಂತ ಗಮನಕೊಟ್ಟು ಓದುತ್ತಿದ್ದರು.

*

ಪಾವಗಡದ ಬಗ್ಗೆ ನಾಲ್ಕು ಸಾಲು. ಗಣಿಯಲ್ಲ, ಸೋಲಾರ್ ಪಾರ್ಕು: 13,000 ಎಕರೆ, 2,050 ಮೆಗಾವಾಟ್. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಪಹಣಿ ಇದ್ದವರಿಗೆ ಇದು ಮೋಸದ ವ್ಯವಹಾರವಲ್ಲ; ಬರದ ತಾಲ್ಲೂಕಿನಲ್ಲಿ ಶೇಂಗಾ ಬೆಳೆ ಕೈಕೊಟ್ಟವರಿಗೆ ಖಾತ್ರಿ ಆದಾಯ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರು, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರು ಬೇಲಿಯ ಆಚೆ ನಿಂತರು. ಅವರಿಂದ ಯಾರೂ ಏನನ್ನೂ ಕಸಿದುಕೊಂಡಿಲ್ಲ. ಏಕೆಂದರೆ ಕಾಗದದ ಪ್ರಕಾರ ಅವರ ಬಳಿ ಏನೂ ಇರಲಿಲ್ಲ.

*

ಕೊನೆಯದು, ನಮಗೇ ಸಂಬಂಧಿಸಿದ್ದು. 2024ರ ಜನವರಿ 15ರಂದು ಭಾರತ ಸರ್ಕಾರದ ಉದ್ದಿಮೆಗಳು ಸೇರಿ ಕಟ್ಟಿದ ‘ಕಾಬಿಲ್’ ಸಂಸ್ಥೆ, ಅರ್ಜೆಂಟೀನಾದ ಕಾಟಮಾರ್ಕಾ ಪ್ರಾಂತದ ಸರ್ಕಾರಿ ಕಂಪನಿಯೊಡನೆ ಐದು ಲಿಥಿಯಂ ಉಪ್ಪುನೀರಿನ ಬ್ಲಾಕ್‌ಗಳಿಗೆ ಸಹಿ ಹಾಕಿತು. 15,703 ಹೆಕ್ಟೇರ್, ಫಿಯಂಬಲಾ ಕಡೆ. ಸುಮಾರು 200 ಕೋಟಿ ರೂಪಾಯಿಯ ಯೋಜನೆ. ಅಂದರೆ ನಮ್ಮ ಬೀದಿಯ ಹುಡುಗನ ಪೆಟ್ಟಿಗೆಗೂ ಆ ಬಯಲಿಗೂ ಇರುವ ದೂರ ಇನ್ನು ಮುಂದೆ ನಮ್ಮದೇ ತೆರಿಗೆಯ ದುಡ್ಡಿನಷ್ಟು.

ಕಾಟಮಾರ್ಕಾಕ್ಕೆ ಲಿಥಿಯಂ ಹೊಸತಲ್ಲ. ಅಲ್ಲಿನ ಓಂಬ್ರೆ ಮುಯೆರ್ತೊ ಬಯಲಿನಲ್ಲಿ 1990ರ ದಶಕದ ಕೊನೆಯಿಂದ ಉತ್ಪಾದನೆ ಇದೆ. ಕಾರ್ಖಾನೆಗೆ ಸಿಹಿನೀರು ಒದಗಿಸಿದ ತ್ರಾಪಿಚೆ ಹೊಳೆಯ ಬದಿಯ ಹುಲ್ಲುಗಾವಲು ಒಣಗಿಹೋಗಿದೆ. ಅದಾದ ಮೇಲೆ ಕಂಪನಿಗಳ ಕಣ್ಣು ಪಕ್ಕದ ಲೋಸ್ ಪಾತೋಸ್ ಹೊಳೆಯ ಮೇಲೆ ಬಿತ್ತು. ಅಲ್ಲಿನ ಸಮುದಾಯದ ಮುಖಂಡರೊಬ್ಬರು ಕೋರ್ಟಿಗೆ ಹೋದರು. ಭಾರತದ ಸಹಿಯ ಮಸಿ ಒಣಗಿ ಎರಡು ತಿಂಗಳಾಗುವಷ್ಟರಲ್ಲಿ, 2024ರ ಮಾರ್ಚ್‌ನಲ್ಲಿ, ಒಟ್ಟಾರೆ ಪರಿಣಾಮದ ಅಧ್ಯಯನವಾಗುವವರೆಗೆ ಆ ಭಾಗದಲ್ಲಿ ಹೊಸ ಪರವಾನಗಿ ಬೇಡವೆಂದು ಪ್ರಾಂತದ ನ್ಯಾಯಾಲಯ ತಡೆ ಕೊಟ್ಟಿತು. ನಮ್ಮ ಬ್ಲಾಕ್‌ಗಳು ಇರುವುದು ಬೇರೆ ಕಡೆ, ನಿಜ. ಆದರೆ ಪ್ರಾಂತ ಒಂದೇ, ನೀರಿನ ಪ್ರಶ್ನೆಯೂ ಒಂದೇ.

ಕಾಬಿಲ್ ಖಾಸಗಿ ಕಂಪನಿಯಲ್ಲ, ನಾವು ಪ್ರಶ್ನೆ ಕೇಳಬಹುದಾದ ಸಂಸ್ಥೆ. ನನ್ನ ಕ್ಷೇತ್ರದ ಸಂಸದರು ಸಿಕ್ಕರೆ ಲೋಕಸಭೆಯಲ್ಲಿ ಇಷ್ಟನ್ನು ಕೇಳಿ ಎಂದು ಚೀಟಿ ಬರೆದಿಟ್ಟಿದ್ದೇನೆ: ಫಿಯಂಬಲಾದಲ್ಲಿ ಯಾವ ಯಾವ ಊರಿನವರನ್ನು ಭೇಟಿ ಮಾಡಿದಿರಿ? ಕೊರೆಯುವ ಮುಂಚೆಯೋ, ಆಮೇಲೋ? ಎತ್ತುವ ಉಪ್ಪುನೀರನ್ನು ನೀರಿನ ಲೆಕ್ಕಕ್ಕೆ ಬರೆಯುತ್ತೀರೋ, ಖನಿಜದ ಲೆಕ್ಕಕ್ಕೋ? ಅವರಲ್ಲಿ ಯಾರಾದರೂ ಬೇಡ ಎಂದರೆ, ಆ ಮಾತನ್ನು ಯಾವ ಶೀರ್ಷಿಕೆಯ ಕೆಳಗೆ ಬರೆದುಕೊಳ್ಳುತ್ತೀರಿ?